ಸವಣೂರಿನ ಹಳದಿ ಕಾರು

ಕೋಲ್ಕತ್ತದ ಟಾಲಿಗಂಜ್‌ನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆ ಯಾರದು ಎಂಬುದರ ಬಗ್ಗೆ ನಮ್ಮಲ್ಲಿ ಯಾವತ್ತೂ ಒಮ್ಮತ ಇರಲಿಲ್ಲ. ಅಪ್ಪನ ಪ್ರಕಾರ ಅದು ಬಂದುಹೋಗುವವರು ಕೂರುವ ಕೋಣೆ, ಅವ್ವನ ಪ್ರಕಾರ ಒಗೆದ ಬಟ್ಟೆ ಮಡಿಸುವ ಕೋಣೆ, ನನ್ನ ಪ್ರಕಾರ ಟಿವಿ ಕೋಣೆ. ಅಜ್ಜಿ ಮಾತ್ರ ವಾದಕ್ಕೇ ಇಳಿಯದೆ ತನ್ನ ಮಂಚವನ್ನು ಕಿಟಕಿಗೆ ಒತ್ತಿ ಹಾಕಿಸಿಕೊಂಡು, ತಲೆದಿಂಬಿನ ಪಕ್ಕ ಎಲೆಯಡಿಕೆಯ ಸಂಚಿ ಇಟ್ಟುಕೊಂಡು, ಕೋಣೆಯನ್ನು ತನ್ನದು ಮಾಡಿಕೊಂಡಿದ್ದಳು. ಬೆಳಿಗ್ಗೆ ಅಲ್ಲೇ ಲಿಂಗಪೂಜೆ, ಮಧ್ಯಾಹ್ನ ಅಲ್ಲೇ ಬೀನ್ಸಿನ ನಾರು ತೆಗೆಯುವುದು, ಸಂಜೆ ಅಲ್ಲೇ ಕುಳಿತು ಕೆಳಗಿನ ಓಣಿಯಲ್ಲಿ ಹೋಗುವ ರಿಕ್ಷಾಗಳನ್ನು ನೋಡುವುದು. ಮಂಚಕ್ಕೂ ಟಿವಿಗೂ ನಡುವೆ ಒಂದು ಚಾಪೆಯಷ್ಟು ಜಾಗ ಉಳಿದಿತ್ತು. ನನ್ನ ಹದಿಮೂರು ಹದಿನಾಲ್ಕನೇ ವಯಸ್ಸು ಕಳೆದದ್ದು ಆ ಚಾಪೆಯ ಮೇಲೆ. ನಾನು ಎಂಥವಳಾದೆ ಅನ್ನುವುದಕ್ಕೆ ಶಾಲೆಗಿಂತ ಹೆಚ್ಚು ಆ ಚಾಪೆಯೇ ಕಾರಣ. ಅದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ.

ಅಜ್ಜಿ ಅಪ್ಪನ ತಾಯಿ. ಅಜ್ಜ ಹೋದ ಮೇಲೆ ಅಪ್ಪ ಅವಳನ್ನು ಹಾವೇರಿಯ ಕಡೆಯಿಂದ ಕರೆತಂದಿದ್ದ. ರೇಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ದಿನವಿಡೀ ಹೊರಗೆ. ಅವ್ವ ಹತ್ತಿರದ ಶಾಲೆಯೊಂದರಲ್ಲಿ ಹಿಂದಿ ಕಲಿಸಿ, ಮನೆಗೆ ಬಂದು ನೋಟುಬುಕ್ಕುಗಳನ್ನು ತಿದ್ದುತ್ತಿದ್ದಳು. ಹೀಗಾಗಿ ಹಗಲಿನ ಎಂಟೊಂಬತ್ತು ತಾಸು ಅಜ್ಜಿಯ ಬಾಯಿಗೆ ಕೆಲಸವಿರಲಿಲ್ಲ. ಓಣಿಯಲ್ಲಿ ಮುಡಿ ಮಾರುವವನೊಬ್ಬ ಬರುತ್ತಿದ್ದ. ನಮ್ಮ ಚುರಮುರಿಯೇ ಅವರ ಮುಡಿ. ಅಜ್ಜಿ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಚೀಲ ಇಳಿಬಿಟ್ಟು ಅವನೊಂದಿಗೆ ಕನ್ನಡದಲ್ಲಿ ಮಾತಾಡುವಳು, ಅವನು ಬಂಗಾಳಿಯಲ್ಲಿ ಉತ್ತರ ಕೊಡುವನು, ಇಬ್ಬರಿಗೂ ತೃಪ್ತಿಯಾಗುತ್ತಿತ್ತು. ನನ್ನೊಂದಿಗೆ ಅಷ್ಟೂ ಆಗುತ್ತಿರಲಿಲ್ಲ. ನನಗೆ ಕನ್ನಡ ತಿಳಿಯುತ್ತಿತ್ತು, ಆದರೆ ನಾಲಿಗೆ ಹೊರಳುತ್ತಿರಲಿಲ್ಲ. ತಪ್ಪಿದರೆ ಅಪ್ಪ ನಗುತ್ತಿದ್ದ, ಆ ನಗುವಿಗೆ ಹೆದರಿ ನಾನು ಹಿಂದಿಗೆ ಜಾರಿಕೊಳ್ಳುತ್ತಿದ್ದೆ. ಅಜ್ಜಿ ಒಂದು ಇಡೀ ಕತೆ ಹೇಳಿದರೆ ನನ್ನ ಉತ್ತರ “ಅಚ್ಛಾ” ಅಥವಾ “ಓಕೆ.” ಈಗ ಪುಟಗಟ್ಟಲೆ ಕನ್ನಡ ಬರೆಯುತ್ತೇನೆ. ಇದೆಲ್ಲ ಕಾಲೇಜು ಮುಗಿದ ಮೇಲೆ ಹಟಕ್ಕೆ ಬಿದ್ದು ಕಲಿತದ್ದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಆಟದ ಡಬ್ಬಿ ಮನೆಗೆ ಬಂದದ್ದು ಕಾಕಾನಿಂದ. ಅಪ್ಪನ ತಮ್ಮ ಆತ. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಯಲ್ಲೇ ಒಂದು ವರ್ಷ ಇದ್ದ. ಆಫೀಸಿನವರು ಸಿಂಗಪುರಕ್ಕೆ ಕಳಿಸಿದಾಗ ಅಲ್ಲಿಂದ ಟಿವಿಗೆ ಜೋಡಿಸಿ ಆಡುವ ಆ ಕಪ್ಪು ಡಬ್ಬಿಯನ್ನು ಹೊತ್ತು ತಂದ. ಅದಕ್ಕೆ ಇಂಟರ್‌ನೆಟ್ಟಿನ ವಯರು ಸಿಕ್ಕಿಸಿದರೆ ಬೇರೆ ದೇಶದಲ್ಲಿ ಕುಳಿತವರೊಂದಿಗೆ ಆಡಬಹುದು ಅಂದಾಗ ನಾವು ಯಾರೂ ನಂಬಲಿಲ್ಲ. ಪಾಡಾದ, ಅಂದರೆ ನಮ್ಮ ಓಣಿಗಳ, ಕೇಬಲ್ ನೋಡಿಕೊಳ್ಳುತ್ತಿದ್ದ ಬಾಪಿದಾ ನಾಲ್ಕು ಮನೆಗಳ ಬಾಲ್ಕನಿ ದಾಟಿಸಿ, ಒಂದು ಬೇವಿನ ಕೊಂಬೆಗೆ ಸುತ್ತಿ, ನೀಲಿ ವಯರನ್ನು ನಮ್ಮ ಕಿಟಕಿಯೊಳಗೆ ತಂದುಕೊಟ್ಟ. ಹಾಗೆ ದೂರದವರೊಂದಿಗೆ ಆಡಿಸುವ ಸೇವೆ ಆಗಿನ್ನೂ ನಮ್ಮ ದೇಶಕ್ಕೆ ಬಂದಿರಲಿಲ್ಲವಾದ್ದರಿಂದ ಕಾಕಾ ತನ್ನ ಸಿಂಗಪುರದ ವಿಳಾಸ ಕೊಟ್ಟು ಖಾತೆ ತೆರೆದ. ಅವನು ಓದಿದ್ದು ಧಾರವಾಡದಲ್ಲಿ. ತಮಾಷೆಗೆಂದು ಆಟದ ಹೆಸರು ‘ಧಾರವಾಡಪೇಢಾ’ ಅಂತ ಇಟ್ಟುಕೊಂಡ. ಮುಂದೆ ಅವನಿಗೆ ಮದುವೆಯಾಯಿತು, ಬೇರೆ ಮನೆ ಮಾಡಿದ, ಹೆಂಡತಿಗೆ ಆಟದ ಸದ್ದು ಆಗಿಬರಲಿಲ್ಲ. ಡಬ್ಬಿಯೂ ಹೆಸರೂ ನನಗೆ ಬಂದವು. ದೂರದ ಊರುಗಳ ಯಾರುಯಾರಿಗೋ ನಾನು ಪೇಢಾ ಆದೆ.

ನಾನು ಆಡುತ್ತಿದ್ದದ್ದು ಕಾರಿನ ರೇಸು. ಶುರುವಾಗುವ ಮುಂಚೆ ಎಂಟು ಜನ ಒಂದು ಕೋಣೆಯಲ್ಲಿ ಕಾಯಬೇಕು. ಕೋಣೆ ಅಂದರೆ ಪರದೆಯ ಮೇಲೆ ಎಂಟು ಹೆಸರುಗಳ ಸಾಲು, ಅಷ್ಟೆ. ತಲೆಗೆ ಹಾಕಿಕೊಳ್ಳುವ ಒಂದು ಕಿವಿಯ ಮೈಕು ಬರುತ್ತಿತ್ತು, ಅದರ ವಯರನ್ನು ಕೈಯಲ್ಲಿ ಹಿಡಿಯುವ ಪ್ಯಾಡಿಗೆ ಸಿಕ್ಕಿಸಿ ಮಾತಾಡಬಹುದಿತ್ತು. ಮೊದಲ ವಾರ ನಾನು ಮಾತಾಡಿದೆ. “ಹಲೋ” ಅಂದಿದ್ದೆ ಅಷ್ಟೆ. ಹುಡುಗಿಯ ದನಿ ಕೇಳಿದ್ದೇ ಏಳೂ ಜನ ಒಟ್ಟಿಗೆ ಶುರುವಿಟ್ಟುಕೊಂಡರು; ಒಬ್ಬ ಮದುವೆಯಾಗುತ್ತೀಯಾ ಅಂದ, ಇನ್ನೊಬ್ಬ ಅಡುಗೆಮನೆಗೆ ಹೋಗು ಅಂದ, ಮತ್ತೊಬ್ಬ ಅಂದದ್ದನ್ನು ಇಲ್ಲಿ ಬರೆಯಲಾರೆ. ಅಂದೇ ಮೈಕು ಕಿತ್ತು ಅಜ್ಜಿಯ ಮಂಚದ ಕೆಳಗೆ ಎಸೆದೆ. ಬಾಯಿ ಮುಚ್ಚಿಕೊಂಡು ಆಡಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಮತ್ತು ಬಾಯಿ ಮುಚ್ಚಿಕೊಂಡು ನಾನು ತುಂಬ ಚೆನ್ನಾಗಿ ಆಡುತ್ತಿದ್ದೆ. ಮೈಕು ಇದ್ದರೂ ಇಲ್ಲದಿದ್ದರೂ ಉಳಿದವರ ಮಾತು ಟಿವಿಯಿಂದ ಕೇಳಿಸುತ್ತಿತ್ತು.

ಒಂದು ಶುಕ್ರವಾರ ಶಾಲೆಯಿಂದ ಬಂದು ಆಡಲು ಕುಳಿತಿದ್ದೆ. ಅಜ್ಜಿ ಮಂಚದ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಹೆಸರುಗಳ ಸಾಲಿಗೆ ‘ಸವಣೂರ್77’ ಅನ್ನುವುದೊಂದು ಬಂದು ಸೇರಿಕೊಂಡಿತು. ನನಗೆ ಸವಣೂರು ಅನ್ನುವುದು ಊರೆಂದೂ ಗೊತ್ತಿರಲಿಲ್ಲ. ಟಿವಿಯಿಂದ ಒಬ್ಬ ಗಂಡಸು ಕೆಮ್ಮಿ, ಗಟ್ಟಿಯಾಗಿ ಕೇಳಿದ:

“ಏ ಪೇಢಾ, ಧಾರವಾಡದಾವೇನಲೇ ನೀ?”

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಟಿವಿಯೊಳಗಿಂದ ತನ್ನ ಭಾಷೆ ಬರುವುದು ಕೋಲ್ಕತ್ತಕ್ಕೆ ಬಂದ ಮೇಲೆ ಅವಳು ಕೇಳಿದ್ದೇ ಇಲ್ಲ. ಅವಳು ಟಿವಿಗೇ ಉತ್ತರ ಕೊಟ್ಟಳು.

“ಅಲ್ಲೋ ತಮ್ಮಾ, ಧಾರವಾಡ ಅಲ್ಲ, ಹಾವೇರಿ ಕಡೇದವರು. ನೀ ಯಾರಪಾ?”

ಅವನಿಗೆ ಕೇಳಿಸಲಿಲ್ಲ, ಮೈಕು ಮಂಚದ ಕೆಳಗಿತ್ತಲ್ಲ. ಅವನು ಮತ್ತೆ ಕೇಳಿದ, ಅಜ್ಜಿ ಮತ್ತೆ ಉತ್ತರ ಕೊಟ್ಟಳು, ಮೂರನೆಯ ಸಲ ಅವಳ ದನಿಯಲ್ಲಿ ಒಂಥರಾ ಗಾಬರಿ ಇತ್ತು. ನನಗೆ ನೋಡಲಾಗಲಿಲ್ಲ. ಬಗ್ಗಿ ಮೈಕು ಹುಡುಕಿ, ಧೂಳು ಒರೆಸಿ ಅವಳ ಸೆರಗಿನ ಮೇಲಿಂದಲೇ ತಲೆಗೆ ಹಾಕಿದೆ. ನಾನು ಅಜ್ಜಿಗೆ ಮಾಡಿದ ಉಪಕಾರವೆಂದರೆ ಅದೊಂದೇ.

ಅವನ ಹೆಸರು ದಸ್ತಗೀರ. ಬಹರೈನಿನಲ್ಲಿ ಮೀನು ಮಾಂಸ ಇಡುವ ತಣ್ಣನೆಯ ಗೋದಾಮಿನಲ್ಲಿ ಕೆಲಸ, ಶುಕ್ರವಾರ ರಜೆ. ನಮಾಜು ಮುಗಿಸಿ, ಊಟ ಮಾಡಿ ಅವನು ಆಟಕ್ಕೆ ಕೂರುವ ಹೊತ್ತಿಗೆ ನಮ್ಮಲ್ಲಿ ನಾಲ್ಕು ಗಂಟೆ. ವಯಸ್ಸು ಮೂವತ್ತರ ಮೇಲೆ. ಊರಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಇದೆಲ್ಲವನ್ನೂ ಅಜ್ಜಿ ಮೊದಲ ಹತ್ತು ನಿಮಿಷದಲ್ಲೇ ತೆಗೆದಳು. ಅದಕ್ಕೂ ಮುಂಚೆ ತೆಗೆದದ್ದು ಊರಿನ ವಿಷಯ.

“ನಂದು ತವರುಮನಿ ಬಂಕಾಪುರ ನೋಡಪಾ. ಸವಣೂರಿಗೆ ಸಣ್ಣಾಕಿದ್ದಾಗ ಎಲಿ ತರಾಕ ಬರತಿದ್ವಿ.”

“ಬಂಕಾಪುರಾನ್ರಿ ಅಮ್ಮಾರ? ನಮ್ಮ ದೊಡ್ಡವ್ವನ್ನ ಅಲ್ಲೇ ಕೊಟ್ಟೈತ್ರಿ! ಕ್ವಾಟಿ ಹಿಂದ ಮನಿ.”

“ಆ ದೊಡ್ಡ ಹುಣಸಿಮರ ಇನ್ನೂ ಅದಾವೇನೋ ನಿಮ್ಮೂರಾಗ?”

“ಮೂರೂ ಅದಾವ್ರಿ. ಅವಕ್ಕೇನಾಗತೈತ್ರಿ, ನಮಗ ಆಗಬೇಕು.”

ಆಮೇಲೆ ಶುಕ್ರವಾರಗಳಿಗೊಂದು ಪದ್ಧತಿ ಬಂತು. ಮೂರೂವರೆಗೇ ಅಜ್ಜಿ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಒಗೆದ ಸೀರೆ ಉಟ್ಟು ಸಿದ್ಧವಾಗುತ್ತಿದ್ದಳು. ಮುಡಿಯವನಿಂದ ಕೊಂಡ ಚುರಮುರಿಗೆ ಒಗ್ಗರಣೆ ಹಾಕಿ ನನಗೊಂದು ತಟ್ಟೆ ಕೊಟ್ಟು, ತಾನು ಎಲೆಗೆ ಸುಣ್ಣ ಸವರಿಕೊಂಡು ಕೂರುವಳು. ಕೋಲ್ಕತ್ತದ ಎಲೆ ಅವಳಿಗೆ ಯಾವತ್ತೂ ಹಿಡಿಸಲಿಲ್ಲ. ದನಕ್ಕೆ ಹಾಕುವ ಸೊಪ್ಪು ಅನ್ನುತ್ತಿದ್ದಳು. ಆದರೂ ದಿನಕ್ಕೆ ಆರೇಳು ಸಲ ಅದನ್ನೇ ಹಾಕಿಕೊಳ್ಳುತ್ತಿದ್ದಳು, ಅವಳ ತುಟಿ ಸದಾ ಕೆಂಪು. ಮೈಕಿನ ವಯರು ನನ್ನ ಕೈಯ ಪ್ಯಾಡಿಗೆ ಸಿಕ್ಕಿಕೊಂಡಿದ್ದರಿಂದ ನಾವಿಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿದ ದನಗಳ ಹಾಗೆ ಇರಬೇಕಾಗುತ್ತಿತ್ತು. ದಸ್ತಗೀರನದು ಹಳದಿ ಕಾರು. ಸಮುದ್ರದ ಪಕ್ಕದ ತಿರುವು ಬಂದದ್ದೇ ಅವನು ಕಾರನ್ನು ಬದಿಗೆ ನಿಲ್ಲಿಸಿ ಅಜ್ಜಿಯೊಂದಿಗೆ ಮಾತಿಗೆ ನಿಲ್ಲುತ್ತಿದ್ದ. ಉಳಿದವರು ಸುತ್ತು ಹೊಡೆದು ಬಂದಾಗಲೆಲ್ಲ ಹಾರ್ನ್ ಬಾರಿಸಿ ಬೈಯುತ್ತಿದ್ದರು. ರೊಟ್ಟಿಗೆ ಹಿಟ್ಟು ಯಾರು ತಂದುಕೊಡುತ್ತಾರೆ, ಮಕ್ಕಳ ಶಾಲೆ ಹೇಗಿದೆ, ಈ ಕೆಮ್ಮು ಎಷ್ಟು ದಿನದ್ದು, ಗೋದಾಮಿನೊಳಗೆ ಹೋಗುವಾಗ ಎದೆಗೆ ಉಣ್ಣೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ. ಕೆಮ್ಮಿನ ವಿಷಯ ಪ್ರತಿ ವಾರ ಬರುತ್ತಿತ್ತು. ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಮೂಸು ಅನ್ನುತ್ತಿದ್ದಳು ಅಜ್ಜಿ. ಹಾಗೇ ಮಾಡಿದೆ, ತುಸು ಕಡಿಮೆ ಆಗಿದೆ ಅನ್ನುತ್ತಿದ್ದ ಅವನು, ಅನ್ನುತ್ತಲೇ ಕೆಮ್ಮುತ್ತಿದ್ದ.

ಅವ್ವನಿಗೆ ಇದು ಸರಿಬರಲಿಲ್ಲ. ಒಂದು ಸಂಜೆ ನೋಟುಬುಕ್ಕು ಬದಿಗಿಟ್ಟು ಕೇಳಿಯೇಬಿಟ್ಟಳು.

“ಅತ್ತಿ, ಅವ ಯಾರೋ ಏನೋ. ಮಾರಿ ಸೈತ ನೋಡಿಲ್ಲ. ಮನಿ ಮಾತೆಲ್ಲಾ ಅವನ ಮುಂದ ಯಾಕ ಹೇಳತೀರಿ?”

“ಮಾರಿ ನೋಡಬೇಕೇನು? ನಿಮ್ಮ ಮಾವನ ಮಾರಿನೂ ನಾ ನೋಡಿದ್ದು ಮದುವಿ ಆಗಿ ಮೂರು ದಿನಕ್ಕ. ಬಾಳೇ ಮಾಡಲಿಲ್ಲೇನು?”

ಅಪ್ಪ ನಕ್ಕ. ಅವ್ವ ನಗಲಿಲ್ಲ, ಆದರೆ ಮತ್ತೆ ಆ ಮಾತು ಎತ್ತಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆ ಒಂದು ಬಗೆಯಲ್ಲಿ ಹಗುರಾಗಿತ್ತು. ಅಜ್ಜಿ ಶನಿವಾರದಿಂದಲೇ ಮುಂದಿನ ಶುಕ್ರವಾರಕ್ಕೆ ಮಾತು ಕೂಡಿಡುತ್ತಿದ್ದಳು. “ಇದನ್ನ ದಸ್ತಗೀರಗ ಹೇಳಬೇಕು” ಅನ್ನುತ್ತ ಬೆರಳಿಗೆ ಬೆರಳು ಸೇರಿಸಿ ಗುರುತಿಟ್ಟುಕೊಳ್ಳುವಳು. ಲೇಕ್ ಮಾರ್ಕೆಟ್ಟಿನ ಅಂಗಡಿಯಲ್ಲಿ ಒಳ್ಳೆ ಒಣ ಮೆಣಸಿನಕಾಯಿ ಸಿಕ್ಕದ್ದೂ ಅವನಿಗೆ ಹೇಳುವ ಸುದ್ದಿಯೇ. ನನಗೆ ಏನಾದರೂ ಹೇಳಬೇಕೆಂದು ಅವಳು ಗುರುತಿಟ್ಟುಕೊಂಡದ್ದು ನೆನಪಿಲ್ಲ. ಇಟ್ಟುಕೊಂಡಾದರೂ ಏನು ಮಾಡಬೇಕಿತ್ತು, ನನ್ನ ‘ಓಕೆ’ ಕೇಳಲಿಕ್ಕೆ?

ಹೀಗಿರುವಾಗ ನನಗೊಂದು ತಂಡದಿಂದ ಕರೆ ಬಂತು. ಸಿಂಗಪುರದ ಹುಡುಗರು ಕಟ್ಟಿಕೊಂಡಿದ್ದ ರೇಸಿನ ತಂಡ. ಖಾತೆಯ ವಿಳಾಸದಿಂದಾಗಿ ನಾನೂ ಅವರ ಊರಿನವನೇ ಅಂದುಕೊಂಡಿದ್ದರು. ಹೆಸರಿನ ಮುಂದೆ ತಂಡದ ಮೂರು ಅಕ್ಷರ ಸೇರಿಸಿಕೊಳ್ಳಲು ಬಿಟ್ಟರು. ಅದು ಎಂಥ ಸುಖವೆಂದು ಈಗ ಯಾರಿಗಾದರೂ ತಿಳಿಸಿ ಹೇಳುವುದು ಕಷ್ಟ. ಶಾಲೆಯಲ್ಲಿ ನಾನು ಎಲ್ಲಿಯೂ ಸೇರಿದವಳಲ್ಲ. ಬಂಗಾಳಿ ಹುಡುಗಿಯರಿಗೆ ಮದ್ರಾಸಿ, ಹಾವೇರಿಗೆ ಹೋದರೆ ನೆಂಟರಿಗೆ ಬಂಗಾಳಿ. ಮೊದಲ ಸಲ ಒಂದು ಗುಂಪು ನನ್ನನ್ನು ನಮ್ಮವನು ಅಂದಿತ್ತು, ಅದೂ ನನ್ನ ಕೈಚಳಕ ನೋಡಿ. ತಂಡದ ಅಭ್ಯಾಸ ಶುಕ್ರವಾರ ಸಂಜೆಯಾಯಿತು. ಅವರ ಸಂಜೆಯೆಂದರೆ ನಮ್ಮ ನಾಲ್ಕು ಗಂಟೆಯೇ. ಗೆಳೆಯರ ಪಟ್ಟಿಯಲ್ಲಿ ಇರುವವರು ನಾನಿರುವ ಕೋಣೆಗೆ ನೇರವಾಗಿ ಬರಬಹುದಿತ್ತಾದ್ದರಿಂದ ದಸ್ತಗೀರ ಎಂದಿನಂತೆ ಬಂದ. ಅಜ್ಜಿ ಎಂದಿನಂತೆ ಮೈಕು ಹಾಕಿಕೊಂಡು ಕುಳಿತಿದ್ದಳು. ಅವಳನ್ನು ತಡೆಯುವ ಧೈರ್ಯ ನನಗಿರಲಿಲ್ಲ. ತಂಡದವರು ಒಂದು ನಿಮಿಷ ಕೇಳಿಸಿಕೊಂಡರು. ಆಮೇಲೆ ಒಬ್ಬ ಅಜ್ಜಿಯ ದನಿಯನ್ನು ಅಣಕಿಸಿದ. ಉಳಿದವರು ಕೋಳಿ ಕೂಗಿದರು. ಅಜ್ಜಿ ಮೈಕಿನ ಕಿವಿಯನ್ನು ಒತ್ತಿ ಹಿಡಿದುಕೊಂಡು, “ತಮ್ಮಾ, ನಿಮ್ಮ ಕಡೆ ಯಾರೋ ಕೋಳಿ ಸಾಕ್ಯಾರೇನೋ?” ಅಂದಳು. ದಸ್ತಗೀರನಿಗೆ ಅರ್ಥವಾಗಿತ್ತು. ಅವನು “ಹೌದ್ರಿ ಅಮ್ಮಾರ, ಪಕ್ಕದ ಮನ್ಯಾಗ” ಅಂದ. ನನಗೆ ನಾಚಿಕೆಯಾಯಿತು. ನಾಚಿಕೆಯಾದದ್ದು ಆ ಹುಡುಗರ ಬಗ್ಗೆ ಅಲ್ಲ, ಅಜ್ಜಿಯ ಬಗ್ಗೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಆದರೆ ಆದದ್ದು ಹಾಗೇ.

ಅಂದು ತಂಡದ ನಾಯಕನಿಂದ ಒಂದು ಸಾಲಿನ ಸಂದೇಶ ಬಂತು: ಮುದುಕಿಯನ್ನೂ ಹಳದಿ ಕಾರಿನವನನ್ನೂ ತೆಗೆದುಹಾಕು, ಇಲ್ಲವಾದರೆ ನೀನು ಹೋಗು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಾರಲ್ಲ, ಒಂದು ವಾರ ಅದೇ ಆಯಿತು ನನ್ನ ಪಾಡು. ಅಭ್ಯಾಸದ ದಿನ ಬದಲಿಸಿ ಅಂತ ಕೇಳಬಹುದಿತ್ತು. ದಸ್ತಗೀರನಿಗೇ ಒಂದು ಸಂದೇಶ ಬರೆದು ಶನಿವಾರ ಬಾ ಅನ್ನಬಹುದಿತ್ತು. ಅಜ್ಜಿಗೆ ನಿಜ ಹೇಳಿದ್ದರೆ ಅವಳೇ ನಕ್ಕು ಬಿಟ್ಟುಕೊಡುತ್ತಿದ್ದಳೇನೋ. ಯಾವುದಕ್ಕೂ ಬಾಯಿ ತೆರೆಯಬೇಕಿತ್ತು, ನಾನು ಬಾಯಿ ಮುಚ್ಚಿಕೊಂಡೇ ಗೆದ್ದು ರೂಢಿಯಾದವಳು. ಗುರುವಾರ ಸಂಜೆ ಅಜ್ಜಿ ಅಡುಗೆಮನೆಯಲ್ಲಿ ಅವ್ವನಿಗೆ ಶೇಂಗಾ ಹುರಿದುಕೊಡುತ್ತಿದ್ದಾಗ ಡಬ್ಬಿ ಹಚ್ಚಿ ‘ಸವಣೂರ್77’ ಹೆಸರಿನ ಮೇಲೆ ನಿಂತು, ತೆಗೆದುಹಾಕು ಅನ್ನುವುದನ್ನು ಒತ್ತಿದೆ. ಆಮೇಲೆ ಅದರ ಕೆಳಗಿದ್ದ ಇನ್ನೊಂದನ್ನೂ ಒತ್ತಿದೆ. ಅದನ್ನು ಒತ್ತಿದರೆ ಆ ಮನುಷ್ಯ ಮತ್ತೆ ನಮ್ಮನ್ನು ಹುಡುಕಿಕೊಂಡು ಬರಲಾರ, ಅವನ ಸಂದೇಶವೂ ಮುಟ್ಟದು. ಎರಡು ಸಲ ಹೆಬ್ಬೆರಳು ಆಡಿಸಿದ್ದಷ್ಟೇ ನಾನು ಮಾಡಿದ ಕೆಲಸ.

ಮರುದಿನ ಅಜ್ಜಿ ಒಗೆದ ಸೀರೆ ಉಟ್ಟು ಕುಳಿತಳು. ನಾಲ್ಕಾಯಿತು, ನಾಲ್ಕೂವರೆಯಾಯಿತು.

“ಬರಲಿಲ್ಲೇನವಾ ಅವ?”

“ನಹೀ ಆಯಾ, ಅಜ್ಜಿ.”

“ಕೆಲಸ ಇರಬೇಕು. ಮುಂದಿನ ವಾರ ಬರತಾನ.”

ಮುಂದಿನ ವಾರಕ್ಕೂ ಅದೇ ಮಾತು. ಮೂರನೆಯ ವಾರ, ಊರಿಗೆ ರಜೆಯ ಮೇಲೆ ಹೋಗಿರಬೇಕು ಅಂದಳು. ಆಮೇಲೆ ರಮಜಾನ್ ಬಂತು, ಉಪವಾಸದಲ್ಲಿ ಆಟ ಯಾಕೆ ಆಡುತ್ತಾನೆ ಅಂದಳು. ರಮಜಾನೂ ಮುಗಿಯಿತು. ಆಗ ಅವಳ ಯೋಚನೆ ಕೆಮ್ಮಿನ ಕಡೆ ತಿರುಗಿತು. ಅಷ್ಟು ತಣ್ಣನೆಯ ಜಾಗದಲ್ಲಿ ಎದೆ ಕಟ್ಟಿದರೆ ಯಾರು ನೋಡುತ್ತಾರೆ, ಪರದೇಶ, ನೀರು ಕೊಡುವವರೂ ಇಲ್ಲ. ಒಂದು ದಿನ ಅಪ್ಪನ ಬಳಿ ಬಹರೈನಿಗೆ ಕಾಗದ ಬರೆಯಲು ಹೇಳಿದಳು. ವಿಳಾಸ ಎಲ್ಲಿದೆ ಅಂದ ಅಪ್ಪ. ಅಜ್ಜಿ ನನ್ನ ಕಡೆ ನೋಡಿದಳು. ನಾನು ಟಿವಿಯ ಕಡೆ ನೋಡಿದೆ.

ಅದಾಗಿ ಕೆಲವು ದಿನಕ್ಕೆ ನನಗೆ ಅಜ್ಜಿಯ ಮುಖದಲ್ಲಿ ಏನೋ ಬೇರೆ ಕಂಡಿತು. ಏನೆಂದು ಹೊಳೆಯಲಿಲ್ಲ. ಅವ್ವನೇ ಊಟಕ್ಕೆ ಬಡಿಸುವಾಗ ಕೇಳಿದಳು:

“ಅತ್ತಿ, ಎಲಿ ತಂದು ನಾಲ್ಕು ದಿನಾತು, ಹಂಗೇ ಒಣಗಾಕತ್ತಾವಲ್ಲ?”

“ಬಿಟ್ಟೀನಿ.”

“ಯಾಕ್ರಿ?”

“ಆ ಹುಡುಗನ ಸುದ್ದಿ ಬರೋತನಕ ಬಿಟ್ಟೀನಿ. ಅವನ ದನಿ ಕಿವಿಗೆ ಬಿದ್ದ ದಿನ ಹಾಕ್ಕೊಂತೀನಿ.”

ನಮ್ಮ ಕಡೆಯ ಹಿರಿಯರು ಹೀಗೆ ಬಿಡುತ್ತಾರೆ. ಮಗ ಗುಣವಾಗಿ ಬರಲಿ, ಮಗಳ ಹೆರಿಗೆ ಸುಸೂತ್ರವಾಗಲಿ ಅಂತ ಪ್ರೀತಿಯದೊಂದನ್ನು ಬಾಯಿಗೆ ಮುಟ್ಟಿಸುವುದಿಲ್ಲ. ಹನ್ನೆರಡನೆಯ ವಯಸ್ಸಿಗೆ ಎಲೆ ಹಾಕಲು ಕಲಿತವಳು, ಅಜ್ಜ ತೀರಿದಾಗಲೂ ಹದಿಮೂರು ದಿನದ ಮೇಲೆ ಬಿಟ್ಟಿರಲಾಗದವಳು, ಮುಖ ನೋಡದ ಒಬ್ಬನಿಗಾಗಿ ಬಿಟ್ಟಳು. ಅವಳ ತುಟಿ ಬಿಳಿಚಿಕೊಂಡಿತ್ತು. ನನಗೆ ಬೇರೆ ಕಂಡದ್ದು ಅದೇ. ಆಗಲೇ ಹೇಳಬೇಕಿತ್ತು. ಪ್ರತಿ ಊಟದ ನಂತರ ಅವಳ ಕೈ ತಾನಾಗಿ ಸಂಚಿಯತ್ತ ಹೋಗಿ, ನೆನಪಾಗಿ, ಹಿಂದೆ ಬರುವುದನ್ನು ನಾನು ದಿನವೂ ನೋಡಿದೆ. ನೋಡಿಯೂ ಏಳು ತಿಂಗಳು ಸುಮ್ಮನಿದ್ದೆ. ಶುಕ್ರವಾರ ನಾಲ್ಕಕ್ಕೆ ಅವಳು ಮಂಚದ ಮೇಲೆ, ನಾನು ಚಾಪೆಯ ಮೇಲೆ. ತಂಡಕ್ಕೆ ಮೈಕಿನ ಅಗತ್ಯವಿರಲಿಲ್ಲ, ಟಿವಿಯ ಸದ್ದು ಪೂರ್ತಿ ತಗ್ಗಿಸಿ ಆಡುತ್ತಿದ್ದೆ. ಅಜ್ಜಿ ಕಾರುಗಳನ್ನೇ ನೋಡುತ್ತಿದ್ದಳು. ಹಳದಿ ಬಣ್ಣದ್ದು ಯಾವುದಾದರೂ ಬಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಆ ಏಳು ತಿಂಗಳಲ್ಲಿ ನಾನು ಎಷ್ಟು ರೇಸು ಗೆದ್ದೆನೋ, ಒಂದೂ ನೆನಪಿಲ್ಲ.

ಮಳೆಗಾಲ ಬಂತು. ಟಾಲಿಗಂಜ್‌ನ ಓಣಿಗಳಲ್ಲಿ ಮೊಣಕಾಲುದ್ದ ನೀರು ನಿಂತು, ಬಾಪಿದಾನ ವಯರುಗಳೆಲ್ಲ ಸತ್ತುಬಿದ್ದವು. ಹತ್ತು ದಿನ ಇಂಟರ್‌ನೆಟ್ಟು ಇಲ್ಲ. ಅಷ್ಟರಲ್ಲಿ ತಂಡಕ್ಕೊಂದು ದೊಡ್ಡ ಪಂದ್ಯವಿತ್ತು. ವಯರು ಸರಿಯಾಗಿ ನಾನು ಓಡಿಬಂದು ಡಬ್ಬಿ ಹಚ್ಚಿದಾಗ ನನ್ನ ಹೆಸರಿನ ಮುಂದಿನ ಮೂರು ಅಕ್ಷರ ಇರಲಿಲ್ಲ. ಯಾಕೆಂದು ಒಂದು ಸಾಲೂ ಇಲ್ಲ. ಯಾರೂ ನನ್ನನ್ನು ಹುಡುಕಿರಲಿಲ್ಲ. ಪೇಢಾ ಎಲ್ಲಿ ಹೋದ, ಮಳೆಯಲ್ಲಿ ಸಿಕ್ಕಿದನೋ, ಬದುಕಿದ್ದಾನೋ ಅಂತ ಒಬ್ಬನೂ ಕೇಳಿರಲಿಲ್ಲ. ನಾನು ಪರದೆಯನ್ನು ನೋಡುತ್ತ ಕುಳಿತೆ. ನನಗೆ ಅಳು ಬಂತು. ಅಜ್ಜಿ ಮಂಚದಿಂದ ಇಳಿದು ಬಂದು ನನ್ನ ಪಕ್ಕ, ಚಾಪೆಯ ಮೇಲೆ ಕುಳಿತಳು.

“ಯಾಕವಾ? ಏನಾತು? ಸೋತಿ ಏನು?”

ಆಗ ಹೇಳಿದೆ. ಹಿಂದಿಯಲ್ಲಿ ಶುರುಮಾಡಿ, ಅವಳಿಗೆ ತಿಳಿಯದೆಂದು ಹರಕುಮುರುಕು ಕನ್ನಡಕ್ಕೆ ಬಂದು, ಎಲ್ಲ ಹೇಳಿದೆ. ಅವನು ಬರುವುದು ನಿಂತಿಲ್ಲ, ನಾನೇ ಬಾಗಿಲು ಹಾಕಿದೆ. ಹುಡುಗರು ನಗುತ್ತಿದ್ದರು, ನನಗೆ ನಾಚಿಕೆಯಾಯಿತು. ಬೈಯುತ್ತಾಳೆಂದು ಕಾದೆ. ಕೆನ್ನೆಗೆ ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಜ್ಜಿ ತುಂಬ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

“ಹಂಗಾರ ಅವ ಆರಾಮ ಅದಾನ?”

“ಗೊತ್ತಿಲ್ಲ, ಅಜ್ಜಿ.”

“ಸತ್ತಿಲ್ಲಲಾ?”

“ಗೊತ್ತಿಲ್ಲ.”

ಅವಳು ತಲೆ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಮತ್ತ ಅವ? ಅವ ನಾ ಸತ್ತೆ ಅಂತ ತಿಳ್ಕೊಂಡಿರತಾನಲ್ಲವಾ. ಇಷ್ಟು ವಯಸ್ಸಾದ ಮುದುಕಿ. ಇದ್ದಕ್ಕಿದ್ದಂಗ ದನಿ ನಿಂತರ ಮನಷ್ಯಾ ಮತ್ತೇನಂತ ತಿಳೀಬೇಕು?”

ಇದು ನನಗೆ ಹೊಳೆದೇ ಇರಲಿಲ್ಲ. ಏಳು ತಿಂಗಳು ನಾನು ಒಬ್ಬಳು ಕಾಯುವುದನ್ನಷ್ಟೇ ನೋಡಿದ್ದೆ. ಸಮುದ್ರದಾಚೆ ಇನ್ನೊಬ್ಬ ನಾಲ್ಕು ಗಂಟೆಯ ಲೆಕ್ಕ ಹಾಕಿ ಡಬ್ಬಿ ಹಚ್ಚಿಕೊಂಡು ಕುಳಿತು, ಹೆಸರು ಹುಡುಕಿ, ಸಿಗದೆ, ಕೊನೆಗೆ ಒಂದು ದಿನ ಅಮ್ಮಾರು ಹೋದರು ಅಂತ ತೀರ್ಮಾನಿಸಿಕೊಂಡಿರಬಹುದು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಅಜ್ಜಿಗೆ ಅದು ಮೊದಲು ಬಂತು. ನನ್ನ ಮೇಲೆ ಸಿಟ್ಟು ಮಾಡಲಿಕ್ಕೂ ಅವಳಿಗೆ ಪುರಸೊತ್ತಾಗಲಿಲ್ಲ.

“ಪಾಪ, ಅತ್ತಿರಬೇಕು ಹುಡುಗ. ಅವಂಗ ಹೇಳವಾ, ನಾ ಇನ್ನೂ ಅದೀನಿ ಅಂತ.”

ನಾನು ಮುಚ್ಚಿದ್ದನ್ನು ತೆಗೆದೆ. ‘ಸವಣೂರ್77’ ಅಂತ ಒಂದೊಂದೇ ಅಕ್ಷರ ಆರಿಸಿ ಹುಡುಕಿದೆ. ಹೆಸರು ಸಿಕ್ಕಿತು, ಆದರೆ ಅವನು ಆ ಹೊತ್ತಿಗೆ ಆಟದಲ್ಲಿ ಇರಲಿಲ್ಲ. ಇಲ್ಲದವರಿಗೆ ದನಿಯ ಸಂದೇಶ ಬಿಡಬಹುದಿತ್ತು. ಹದಿನೈದು ಸೆಕೆಂಡಿನದು, ಅವರು ಮುಂದೆ ಯಾವಾಗಾದರೂ ಬಂದರೆ ಕೇಳಿಸಿಕೊಳ್ಳುತ್ತಾರೆ. ಬರದಿದ್ದರೆ ಅದು ಕೆಲವು ದಿನ ಇದ್ದು ತಾನಾಗಿ ಅಳಿಸಿಹೋಗುತ್ತದೆ. ಮೈಕು ಹುಡುಕಿ ತಂದು ಅವಳ ತಲೆಗೆ ಹಾಕಿದೆ. ಅವಳು ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ನಾನು ಗುಂಡಿ ಒತ್ತಿ, ಮಾತಾಡು ಅಂತ ಕೈಸನ್ನೆ ಮಾಡಿದೆ.

“ತಮ್ಮಾ, ನಾ ಸತ್ತಿಲ್ಲಪಾ.”

ಅಷ್ಟೆ. ಅಷ್ಟು ಹೇಳಿ ಅಜ್ಜಿ ಸುಮ್ಮನಾದಳು. ಇನ್ನೂ ಮಾತಾಡು, ಹೊತ್ತಿದೆ ಅಂತ ನಾನು ಕೈ ಬೀಸಿದೆ. ಅವಳು ಬೆರಳೆತ್ತಿ ನನ್ನನ್ನು ತಡೆದಳು. ಅವನು ಮಾತಾಡುವ ಸರದಿ, ನಡುವೆ ಬಾಯಿ ಹಾಕಬೇಡ ಎಂಬಂತೆ. ಮೈಕಿನ ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು, ತಲೆ ಒಂದಿಷ್ಟು ವಾಲಿಸಿ, ಉತ್ತರಕ್ಕೆ ಕಾದಳು. ಪರದೆಯ ಮೇಲಿನ ಅಂಕಿ ಹದಿನೈದಕ್ಕೆ ಬಂದು ನಿಂತಿತು. ಕಳಿಸಲೇ ಅಂತ ಕೇಳಿತು, ನಾನು ಕಳಿಸಿದೆ. ಅಜ್ಜಿ ಹಾಗೇ ಕುಳಿತಿದ್ದಳು. ಅವ್ವ ಶಾಲೆಯಿಂದ ಬಂದು ಚಪ್ಪಲಿ ಬಿಡುವವರೆಗೂ, ದೀಪ ಹಚ್ಚುವ ಹೊತ್ತಾಗುವವರೆಗೂ ಮೈಕು ತೆಗೆಯಲಿಲ್ಲ. ಉತ್ತರ ಹೀಗೆ ಬರುವುದಿಲ್ಲ, ಆ ವಯರಿನ ಆ ತುದಿಯಲ್ಲಿ ಈಗ ಯಾರೂ ಇಲ್ಲ ಅಂತ ನಾನು ಅವಳಿಗೆ ಹೇಳಬೇಕಿತ್ತು. ಪಕ್ಕದಲ್ಲೇ ಕುಳಿತಿದ್ದೆ, ಹೇಳುವಷ್ಟು ಕನ್ನಡವೂ ಅಂದು ಬಂದಿತ್ತು. ಹೇಳಲಿಲ್ಲ.